ನೆಲ ಹಾಸುವ ಮುನ್ನ

ಮನೆಯ ನೆಲ ಬದಲಿಸಬೇಕು ಎಂದು ತೀರ್ಮಾನಿಸುವುದು ಸುಲಭ. ಆ ನೆಲದ ಮೇಲೆ ಏನೇನು ಕೂತಿದೆ ಎಂಬುದು ತಿಳಿಯುವುದು ಒಂದೊಂದನ್ನೇ ಎತ್ತಿಡಲು ಹೊರಟಾಗ. ಮಂಚದ ಕೆಳಗಿನ ಟ್ರಂಕು, ಕಪಾಟಿನ ಹಿಂದೆ ಬಿದ್ದ ಮಗಳ ಎರಡನೇ ಕ್ಲಾಸಿನ ಪದಕ, ತೆಗೆಯದೇ ಇಟ್ಟ ಮಿಕ್ಸರಿನ ಡಬ್ಬಿ, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಏಳು ಕೀಲಿಗಳು. ಹದಿನಾಲ್ಕು ವರ್ಷದ ಸಂಸಾರವನ್ನು ನಾಲ್ಕು ದಿನದಲ್ಲಿ ನೆಲದಿಂದ ಮೇಲೆತ್ತಬೇಕಾಗಿತ್ತು.

ಪುಣೆಯಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ಕಟ್ಟಡ ತೊಂಬತ್ತರ ದಶಕದ್ದು, ನೆಲವೂ ಆ ಕಾಲದ ಮೊಸಾಯಿಕ್ ಬಿಲ್ಲೆಗಳದ್ದು. ಕಳೆದ ಮಳೆಗಾಲದ ಹೊತ್ತಿಗೆ ಹಾಲ್‌ನ ನಡುವೆ ಐದಾರು ಬಿಲ್ಲೆಗಳು ಉಬ್ಬಿದವು. ರಾತ್ರಿ ನೀರು ಕುಡಿಯಲು ಎದ್ದ ಅವ್ವ ಅದಕ್ಕೆ ಎಡವಿ ಗೋಡೆ ಹಿಡಿದು ನಿಂತಳು. ಬೀಳಲಿಲ್ಲ. ಆದರೆ ಎಪ್ಪತ್ತೆರಡರ ವಯಸ್ಸಿನಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯೇ ನಮ್ಮನ್ನು ಟೈಲ್ಸ್ ಅಂಗಡಿಗೆ ಕರೆದೊಯ್ದಿತು.

ಮಿಸ್ತ್ರಿ ಬಂದು ಉಳಿಯ ಹಿಡಿಯಿಂದ ಬಿಲ್ಲೆಗಳನ್ನು ಒಂದೊಂದಾಗಿ ಕುಟ್ಟಿ ನೋಡಿದ. ಗಟ್ಟಿ ಕೂತ ಬಿಲ್ಲೆಯ ಸದ್ದು ಬೇರೆ, ಕೆಳಗೆ ಟೊಳ್ಳಾಗಿರುವುದರ ಸದ್ದು ಬೇರೆ. ಮಲಗುವ ಕೋಣೆಗಳ ನೆಲ ಗಟ್ಟಿ ಇತ್ತು. ಅಲ್ಲಿ ಹಳೆಯದರ ಮೇಲೆಯೇ ಅಂಟಿನಿಂದ ಹೊಸ ಟೈಲ್ಸ್ ಕೂರಿಸಬಹುದು. ಬಾಗಿಲುಗಳ ಕೆಳ ಅಂಚನ್ನು ಅರ್ಧ ಇಂಚು ಕತ್ತರಿಸಿದರೆ ಸಾಕು. ಹಾಲ್ ಮತ್ತು ಪ್ಯಾಸೇಜಿನ 220 ಚದರಡಿ ಮಾತ್ರ ಪೂರ್ತಿ ಟೊಳ್ಳು. ಟೊಳ್ಳಿನ ಮೇಲೆ ಏನು ಅಂಟಿಸಿದರೂ ಅದರ ಜೊತೆಗೇ ಎದ್ದು ಬರುತ್ತದೆ, ಅಲ್ಲಿ ಅಗೆಯಲೇಬೇಕು ಎಂದ. ನನಗೆ ಆ ಮಾತು ಹಿಡಿಸಿತು. ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿ ಇದ್ದವನಿಗೆ ಟೊಳ್ಳಿನ ಮೇಲೆ ಹೊಸದನ್ನು ಕೂರಿಸುವುದರ ಫಲ ಗೊತ್ತು.

ನಾನು ವೃತ್ತಿಯಿಂದ ಪ್ರಾಜೆಕ್ಟ್ ಮ್ಯಾನೇಜರ್. ಹಾಗಾಗಿ ಮೊದಲು ಮಾಡಿದ ಕೆಲಸ ಎಕ್ಸೆಲ್ ತೆರೆದದ್ದು. ಯಾವ ಕೋಣೆ ಯಾವ ದಿನ ಖಾಲಿ ಆಗಬೇಕು, ಗ್ಯಾಸ್ ಸಿಲಿಂಡರ್ ಎಲ್ಲಿಗೆ, ದೇವರ ಜಗಲಿ ಎಲ್ಲಿಗೆ, ಸಿಮೆಂಟು ಒಣಗುವತನಕ ಯಾರು ಎಲ್ಲಿ ಮಲಗಬೇಕು, ಎಲ್ಲವೂ ಅದರಲ್ಲಿ. ಎರಡನೇ ಹಾಳೆಯಲ್ಲಿ ರಿಸ್ಕ್ ರಿಜಿಸ್ಟರ್. ಆಫೀಸಿನಲ್ಲಿ ಯಾವ ಕೆಲಸ ಶುರುವಾಗುವ ಮುನ್ನವೂ ನಾವು ಅಪಾಯಗಳ ಇಂಥದೊಂದು ಪಟ್ಟಿ ಮಾಡುತ್ತೇವೆ. ಏನು ಕೆಡಬಹುದು, ಕೆಟ್ಟರೆ ನಷ್ಟವೆಷ್ಟು, ತಡೆಯಲು ಏನು ಮಾಡಿದ್ದೇವೆ, ಹೊಣೆ ಯಾರದು. ಮನೆಗೆಂದು ಮಾಡಿದ ಪಟ್ಟಿಯಲ್ಲಿ 21 ಸಾಲುಗಳಿದ್ದವು. ದೂಳು ಟೀವಿಯೊಳಗೆ ಹೋಗಬಹುದು, ಪ್ಲಾಸ್ಟಿಕ್ ಹೊದಿಸುವುದು. ಫ್ರಿಜ್ಜಿನ ಹಿಂಬದಿಗೆ ಸಿಮೆಂಟು ಕೂರಬಹುದು, ಅದಕ್ಕೂ ಪ್ಲಾಸ್ಟಿಕ್. ಎಸಿಯ ಜಾಲರಿಗೆ ಟೇಪು. ಪುಸ್ತಕಗಳನ್ನು ಡಬ್ಬಿಗೆ ತುಂಬಿ ಒಂದು ಬಾತ್‌ರೂಮಿನಲ್ಲಿ ಇಡುವುದು. ಕೆಳಗಿನ ಮನೆಯ ಹುಡುಗಿಗೆ ಪರೀಕ್ಷೆ; ಕುಟ್ಟುವ ಕೆಲಸ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ. ಸೊಸೈಟಿಯ ಲಿಫ್ಟಿನಲ್ಲಿ ಸಾಮಾನು ಸಾಗಿಸುವಂತಿಲ್ಲ; ಸೆಕ್ರೆಟರಿಗೆ ಮುಂಚಿತವಾಗಿ ಪತ್ರ.

ಆ ಪಟ್ಟಿಯನ್ನು ನೋಡಿ ನನ್ನ ಹೆಂಡತಿ, ‘ಮದುವೆಗೂ ಇಷ್ಟು ತಯಾರಿ ಮಾಡಿರಲಿಲ್ಲ ನೀವು’ ಎಂದು ನಕ್ಕಳು. ನಾನೂ ನಕ್ಕೆ. ಏನೂ ಬಿಟ್ಟಿಲ್ಲ ಎಂಬ ಸಮಾಧಾನದಲ್ಲಿ ಇದ್ದೆ.

ಅಗೆಯುವ ಕೆಲಸಕ್ಕೆ ಬಂದವರು ಮೂವರು. ಒಬ್ಬ ಗಂಡ, ಅವನ ಹೆಂಡತಿ, ಆಕೆಯ ತಮ್ಮ. ತಮ್ಮನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಮಿಸ್ತ್ರಿ ರಾಜಸ್ಥಾನದವನು, ಕಾಂಟ್ರ್ಯಾಕ್ಟರ್ ಇಲ್ಲಿಯವನು. ನಾನು ಎಲ್ಲರೊಡನೆ ಹಿಂದಿಯಲ್ಲಿ ಮಾತಾಡಿ, ಬೀಗದ ಕೈ ಕೊಟ್ಟು, ಆಫೀಸಿಗೆ ಹೋದೆ.

ಹೊರಡುವ ಮುನ್ನ ಒಂದು ಲೆಕ್ಕ ಹಾಕಿದ್ದೆ. ಕಸ ಒಯ್ಯುವ ಟೆಂಪೋ ಎಷ್ಟು ದೊಡ್ಡದು ಬೇಕೆಂದು ತಿಳಿಯಲು. ಬಿಲ್ಲೆ ಮತ್ತು ಅದರ ಕೆಳಗಿನ ಗಾರೆ ಸೇರಿ ಎರಡೂವರೆ ಇಂಚು ದಪ್ಪ. 220 ಚದರಡಿಗೆ ಹತ್ತಿರ ಹತ್ತಿರ 46 ಘನ ಅಡಿ, ಅಂದರೆ ಎರಡೂಮುಕ್ಕಾಲು ಟನ್. ಒಂದು ಚೀಲಕ್ಕೆ 27, 28 ಕಿಲೋ ತುಂಬಿದರೆ ನೂರು ಚೀಲ. ನಮ್ಮ ಮನೆಯಿಂದ ಅಂಗಳಕ್ಕೆ 54 ಮೆಟ್ಟಿಲು. ಹೊಸ ಮರಳು ಸಿಮೆಂಟು ಹೆಚ್ಚುಕಡಿಮೆ ಅಷ್ಟೇ ತೂಕದ್ದು ಮೇಲೆ ಬರಬೇಕು. ಅದರ ಜೊತೆ ಟೈಲ್ಸಿನ 34 ಡಬ್ಬಿ, ಒಂದೊಂದೂ 27 ಕಿಲೋ ಆಸುಪಾಸು. ಈ ಎಲ್ಲ ಅಂಕಿ ನನ್ನ ಹಾಳೆಯಲ್ಲಿ ಇದ್ದವು. ಟೆಂಪೋಕ್ಕೆ ಎಷ್ಟು ಖೇಪು ಎಂಬ ಕಾಲಮ್ಮೂ ಇತ್ತು. ಲಿಫ್ಟು ಇಲ್ಲವೆಂದ ಮೇಲೆ ಈ ತೂಕ ಯಾರ ಬೆನ್ನ ಮೇಲೆ ಇಳಿಯುತ್ತದೆ, ಏರುತ್ತದೆ ಎಂಬುದಕ್ಕೆ ಕಾಲಮ್ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಅವ್ವ ಅಡುಗೆಮನೆಯಲ್ಲಿ ಕೂತು, ‘ಅವರು ನಮ್ಮ ಕಡಿಯವರೋ ತಮ್ಮಾ, ಚಿತ್ತಾಪುರ ತಾಲೂಕಿನವರು’ ಎಂದಳು. ಮಧ್ಯಾಹ್ನ ಆ ಹೆಣ್ಣುಮಗಳು ತಮ್ಮನನ್ನು ಕೂಗಿದ್ದು ಅವ್ವನ ಕಿವಿಗೆ ಬಿದ್ದಿದೆ. ಗದಗಿನ ಅವ್ವನಿಗೂ ಕಲಬುರಗಿಯ ಅವರಿಗೂ ಮಾತಿನ ಧಾಟಿ ಬೇರೆ, ಆದರೆ ಹತ್ತು ನಿಮಿಷದಲ್ಲಿ ಮಳೆ, ತೊಗರಿ, ಸಾಲ, ಯಾರ ಮಕ್ಕಳು ಯಾರ ಹತ್ತಿರ ಎಂಬ ತನಕ ಮಾತು ಹೋಗಿದೆ. ನಾನು ಬೆಳಿಗ್ಗೆ ಅವರೊಂದಿಗೆ ಇಪ್ಪತ್ತು ನಿಮಿಷ ಹಿಂದಿ ಆಡಿದ್ದೆ. ಅವರೂ ಆಡಿದ್ದರು. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೆ.

ಹೊರನಾಡ ಕನ್ನಡಿಗರು ಎಂದಾಗ ನಾವು ಸಾಮಾನ್ಯವಾಗಿ ಮನಸ್ಸಿಗೆ ತಂದುಕೊಳ್ಳುವುದು ನಮ್ಮನ್ನೇ. ರಾಜ್ಯೋತ್ಸವಕ್ಕೆ ಸಭಾಂಗಣದಲ್ಲಿ ಸೇರುವವರು, ಇಂಥ ಪತ್ರಿಕೆ ಓದುವವರು, ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುವವರು. ಪುಣೆಯ ಕೂಲಿ ನಾಕಾಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಎಷ್ಟೋ ಜನ. ಅವರೂ ನಾವು ಹಿಡಿದ ರೈಲನ್ನೇ ಹಿಡಿದು ಬಂದವರು. ನನಗೆ ಇದು ಗೊತ್ತಿಲ್ಲದ ಸಂಗತಿ ಅಲ್ಲ. ಆದರೂ ನಮ್ಮ ಮನೆಯ ನೆಲದ ಮೇಲೆ ಕನ್ನಡ ಕೇಳಿಸಬಹುದು ಎಂದು ನಾನು ಕಿವಿ ಕೊಟ್ಟಿರಲಿಲ್ಲ.

ಅಗೆತ ಮುಗಿದು ಹಾಸುವ ಕೆಲಸ ಶುರುವಾಯಿತು. ಅಕ್ಕ ಭಾವ ಬೇರೆ ಸೈಟಿಗೆ ಹೋದರು, ಹುಡುಗ ಮಿಸ್ತ್ರಿಯ ಕೈಕೆಳಗೆ ಉಳಿದ. ಟೈಲ್ಸ್ ಕತ್ತರಿಸುವುದು ಅವನ ಕೆಲಸ. ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಟೈಲನ್ನು ಪಾದದಿಂದ ಒತ್ತಿ ಹಿಡಿದು, ಗ್ರೈಂಡರ್ ಹಚ್ಚುತ್ತಿದ್ದ. ಬ್ಲೇಡು ತಾಗಿದ ಕೂಡಲೇ ಬಿಳಿ ಹೊಗೆಯಂಥ ದೂಳು ಏಳುತ್ತಿತ್ತು. ಒಂದೆರಡು ನಿಮಿಷದಲ್ಲಿ ಅವನ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬಿಳಿ. ಮೂಗಿಗೆ ಒಂದು ಕರವಸ್ತ್ರ. ಆ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬಾಲ್ಕನಿಯ ಬಾಗಿಲಿಗೆ ಇನ್ನೊಂದು ಪದರ ಪ್ಲಾಸ್ಟಿಕ್ ಹಚ್ಚಿ, ಅಂಚಿಗೆ ಟೇಪು ಒತ್ತಿ, ಲ್ಯಾಪ್‌ಟಾಪಿನ ಮುಂದೆ ಕೂತೆ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ನಂತರ ಕೇಳಿದಳು.

‘ತಮ್ಮಾ, ಟೀವಿಗೆ ಪ್ಲಾಸ್ಟಿಕ್ ಹೊಚ್ಚೀದಿ, ಫ್ರಿಜ್ಜಿಗೆ ಹೊಚ್ಚೀದಿ. ಆ ಹುಡುಗನ ಬಾಯಿಗೆ ಏನ್ ಕಟ್ಟೀದಿ?’

‘ಅದು ಕಾಂಟ್ರ್ಯಾಕ್ಟರ್ ನೋಡ್ಕೋತಾನವ್ವಾ’ ಎಂದೆ.

ಅವ್ವ ಮುಂದೆ ಮಾತಾಡಲಿಲ್ಲ. ನಾನು ಮೀಟಿಂಗಿಗೆ ಹೋದೆ. ಮೀಟಿಂಗಿನಲ್ಲಿ ಯಾರೋ ಯಾವುದೋ ಅಪಾಯದ ಬಗ್ಗೆ, ಅದು ವೆಂಡರಿನ ಹೊಣೆ, ನಮ್ಮ ಪಟ್ಟಿಯಲ್ಲಿ ಯಾಕೆ ಎಂದರು. ಇಂಥ ಮಾತಿಗೆ ನಾನು ಯಾವಾಗಲೂ ಕೊಡುವ ಉತ್ತರ ಬಾಯಿಗೆ ಬಂತು: ಹೊಣೆ ಬೇರೆಯವರದ್ದಾಗಿರಬಹುದು, ಅಪಾಯ ನಮ್ಮ ಕೆಲಸದಿಂದ ಹುಟ್ಟಿದ್ದರೆ ಅದು ನಮ್ಮ ಪಟ್ಟಿಯಲ್ಲೇ ಇರಬೇಕು. ಹೇಳಿ ಮುಗಿಸುವಷ್ಟರಲ್ಲಿ ಬಾಲ್ಕನಿಯಲ್ಲಿ ಮತ್ತೆ ಗ್ರೈಂಡರ್ ಶುರುವಾಯಿತು. ಮೈಕು ಮ್ಯೂಟ್ ಮಾಡಿದೆ.

ಆ ರಾತ್ರಿ ನನ್ನ 21 ಸಾಲುಗಳನ್ನು ಮತ್ತೊಮ್ಮೆ ಓದಿದೆ. ದೂಳು ಎಂಬ ಪದ ನಾಲ್ಕು ಸಲ ಬಂದಿತ್ತು. ನಾಲ್ಕು ಸಲವೂ ನಷ್ಟದ ಕಾಲಮ್ಮಿನಲ್ಲಿ ನನ್ನ ವಸ್ತುಗಳು. ಉಳಿದ ಸಾಲುಗಳಲ್ಲಿ ಮನುಷ್ಯರೂ ಇದ್ದರು: ಕೆಳಗಿನ ಮನೆಯವರು, ಸೆಕ್ರೆಟರಿ, ಎದುರುಮನೆಯ ಹಿರಿಯರು. ಅವರಲ್ಲಿ ಒಂದು ಸಮಾನ ಅಂಶವಿತ್ತು. ಎಲ್ಲರೂ ನನ್ನ ಮೇಲೆ ದೂರು ಕೊಡಬಲ್ಲವರು. ಟೀವಿ ಫ್ರಿಜ್ಜುಗಳು ದೂರು ಕೊಡುವುದಿಲ್ಲ, ಆದರೆ ಕೆಟ್ಟರೆ ನನ್ನ ಜೇಬಿಗೆ ತಿಳಿಯುತ್ತದೆ. ನಾನು ‘ಮನೆಯ ತಯಾರಿ’ ಎಂದು ಕರೆದದ್ದು ನಿಜವಾಗಿ ನನ್ನ ರಕ್ಷಣೆಯ ತಯಾರಿ. ಹುಡುಗನಿಗೆ ಏನಾದರೂ ಆದರೆ ಅದು ತಿಳಿಯುವುದು ಬಹಳ ವರ್ಷಗಳ ಮೇಲೆ, ಬೇರೆಲ್ಲೋ. ಆದ್ದರಿಂದ ಅವನು ಪಟ್ಟಿಯಲ್ಲಿ ಇರಲಿಲ್ಲ.

ಏನಾಗಬಹುದು ಎಂಬುದನ್ನು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿಟ್ರಿಫೈಡ್ ಟೈಲ್ಸಿನಲ್ಲಿ ಜೇಡಿಮಣ್ಣು, ಫೆಲ್ಡ್‌ಸ್ಪಾರಿನ ಜೊತೆಗೆ ಸ್ಫಟಿಕಶಿಲೆಯೂ ಇರುತ್ತದೆ. ಅದರ ಮೂಲದ್ರವ್ಯ ಸಿಲಿಕಾ. ಮರಳಿನಲ್ಲೂ, ಗಾರೆಯಲ್ಲೂ ಅದೇ. ಒಣಗಿದ ಟೈಲನ್ನು ವೇಗವಾಗಿ ತಿರುಗುವ ಬ್ಲೇಡಿನಿಂದ ಕತ್ತರಿಸಿದಾಗ ಕಣ್ಣಿಗೆ ಕಾಣುವ ದೂಳು ಬೇಗ ಕೆಳಗೆ ಕೂರುತ್ತದೆ. ಕಾಣದಷ್ಟು ಸಣ್ಣದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ ಶ್ವಾಸಕೋಶದ ತುದಿಯ ತನಕ ಹೋಗುತ್ತದೆ. ಅಲ್ಲಿ ಕೂತದ್ದನ್ನು ದೇಹ ಹೊರಹಾಕಲಾರದು. ಅದರ ಸುತ್ತ ಗಾಯವಾಗಿ, ಮಾಯ್ದು, ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ, ಇಪ್ಪತ್ತು ವರ್ಷದ ನಂತರ ಕಾಣಿಸಿಕೊಳ್ಳುತ್ತದೆ, ದೂಳು ವಿಪರೀತವಾದರೆ ಇನ್ನೂ ಬೇಗ. ಗುಣವಾಗುವ ಕಾಯಿಲೆ ಅಲ್ಲ. ಕ್ಷಯ ಎಂದು ತಪ್ಪು ತಿಳಿದು ಔಷಧ ಕೊಡುವುದೂ ಉಂಟು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಿಲಿಕಾದ ಈ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕರವಸ್ತ್ರದ ನೇಯ್ಗೆಗೆ ಈ ಕಣ ಲೆಕ್ಕಕ್ಕೇ ಇಲ್ಲ.

ಕಾನೂನಿಗೆ ಇದು ಹೊಸ ಸುದ್ದಿ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಸೇರಿತ್ತು. ಕಲ್ಲಿನ ಕೆಲಸ ಹೆಚ್ಚಿರುವ ರಾಜಸ್ಥಾನ 2019ರಲ್ಲಿ ಈ ದೂಳಿನ ರೋಗಗಳಿಗಾಗಿಯೇ ಒಂದು ನೀತಿ ತಂದಿತು. ಕಟ್ಟಡ ಕೆಲಸಗಾರರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಆದರೆ ಆ ಕಾಯ್ದೆ ಹುಟ್ಟುವಾಗಲೇ ಎರಡು ಗೆರೆ ಎಳೆದುಕೊಂಡಿತ್ತು: ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ಅನ್ವಯ; ಒಬ್ಬ ವ್ಯಕ್ತಿ ತನ್ನ ಸ್ವಂತ ವಾಸದ ಮನೆಗೆ ಹತ್ತು ಲಕ್ಷದೊಳಗೆ ಮಾಡಿಸುವ ಕೆಲಸ ಅದರ ಹೊರಗೆ. ನಮ್ಮಲ್ಲಿ ಇದ್ದವರು ನಾಲ್ವರು, ಖರ್ಚು ಎರಡೂವರೆ ಲಕ್ಷದ ಒಳಗೆ. ಎರಡು ಗೆರೆಗಳಿಂದಲೂ ನಾವು ದೂರ.

ಇದು ಅನ್ಯಾಯದ ಕಾನೂನು ಎಂದು ನಾನು ಹೇಳುತ್ತಿಲ್ಲ. ಸ್ನಾನದ ಮನೆಗೆ ನಾಲ್ಕು ಟೈಲ್ಸ್ ಹಾಕಿಸುವವನ ಬಾಗಿಲಿಗೆಲ್ಲ ಇನ್ಸ್‌ಪೆಕ್ಟರ್ ಬರುವುದು ಆಗದ ಮಾತು, ಬರುವುದು ಬೇಕಿಲ್ಲದ ಮಾತು ಕೂಡ. ಎಲ್ಲಾದರೂ ಒಂದು ಕಡೆ ಕಾನೂನು ನಿಲ್ಲಲೇಬೇಕು. ನಮ್ಮ ವಿಷಯದಲ್ಲಿ ಅದು ಮನೆಯ ಹೊಸ್ತಿಲ ಹೊರಗೆ ನಿಂತಿತ್ತು. ಪ್ರಶ್ನೆ ಇರುವುದು ಹೊಸ್ತಿಲ ಒಳಗೆ ಯಾರು ನಿಲ್ಲಬೇಕು ಎಂಬುದರಲ್ಲಿ. ಅಲ್ಲಿ ಇದ್ದವನು ನಾನೊಬ್ಬನೇ.

ಅವ್ವನಿಗೆ ಕೊಟ್ಟ ಉತ್ತರವೂ ಸೇರಿ ನನ್ನ ಬಳಿ ಮೂರು ಉತ್ತರಗಳಿದ್ದವು. ಮೂರೂ ಕೆಲಸಕ್ಕೆ ಬಾರದವು ಅಲ್ಲ, ಅದಕ್ಕೇ ಅವುಗಳನ್ನು ಇಲ್ಲಿ ಒಂದೊಂದಾಗಿ ಕುಟ್ಟಿ ನೋಡುತ್ತಿದ್ದೇನೆ.

ಮೊದಲನೆಯದು, ಕಾಂಟ್ರ್ಯಾಕ್ಟರ್ ನೋಡಿಕೊಳ್ಳುತ್ತಾನೆ. ಕೂಲಿ ಅವನು ಕೊಡುತ್ತಾನೆ, ಆಳುಗಳು ಅವನವರು. ಸರಿ. ಆದರೆ ಹಾಸುವ ಕೂಲಿ ಚದರಡಿಗೆ 55 ಎಂದವನನ್ನು ನಾನು 48ಕ್ಕೆ ಇಳಿಸಿದ್ದೆ. 480 ಚದರಡಿಗೆ 3,360 ರೂಪಾಯಿ ಉಳಿಸಿದೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ ಕೂಡ. ಆಫೀಸಿನಲ್ಲಿ ವೆಂಡರ್ ಒಬ್ಬ ದರ ಇಳಿಸಿದರೆ ನಾನು ಮೊದಲು ಕೇಳುವುದು, ಯಾವುದನ್ನು ಬಿಟ್ಟು ಇಳಿಸಿದಿರಿ ಎಂದು. ಇಲ್ಲಿ ಕೇಳಲಿಲ್ಲ. ಆ ಏಳು ರೂಪಾಯಿ ಎಲ್ಲಿಂದ ಬಂತು? ಕಾಂಟ್ರ್ಯಾಕ್ಟರನ ಲಾಭದಿಂದ ಬಂದಿರಲೂಬಹುದು. ಆದರೆ ಬಿಗಿಯಾದ ದರದಲ್ಲಿ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು, ಬಿಟ್ಟರೂ ನೆಲ ಚೆನ್ನಾಗಿಯೇ ಕಾಣುವಂಥ ಸಂಗತಿಗಳು. ಹುಡುಗನ ಉಸಿರು ಅಂಥ ಸಂಗತಿ. ಹೊಣೆಯನ್ನು ಬೇರೆಯವನಿಗೆ ವಹಿಸಿ, ಅದನ್ನು ನಿಭಾಯಿಸುವ ದುಡ್ಡನ್ನು ನಾನೇ ಇಟ್ಟುಕೊಂಡರೆ, ವಹಿಸಿದ್ದೇನೆ ಎಂದು ಹೇಳುವ ಹಕ್ಕು ನನಗೆ ಎಷ್ಟಿದೆ?

ಎರಡನೆಯದು, ಅವನಿಗೇ ಬೇಡ. ಮರುದಿನ ಬೆಳಿಗ್ಗೆ ಔಷಧದ ಅಂಗಡಿಯಿಂದ ಎನ್-95 ಮಾಸ್ಕ್ ತಂದು ಕೊಟ್ಟೆ. ಹಾಕಿಕೊಂಡ. ಅರ್ಧ ಗಂಟೆಯಲ್ಲಿ ಅದು ಗದ್ದದ ಕೆಳಗೆ ಇಳಿದಿತ್ತು. ‘ಬೆವರಿಗೆ ಉಸಿರು ಕಟ್ತದ್ರಿ ಸರ. ನಮಗಿದು ರೂಢಿ ಆಗ್ಯಾದ’ ಎಂದ. ನನಗೆ ಒಳಗೊಳಗೆ ಸ್ವಲ್ಪ ಹಗುರವಾದದ್ದು ಸುಳ್ಳಲ್ಲ. ನನ್ನ ಕೆಲಸ ನಾನು ಮಾಡಿದೆ, ಇನ್ನು ಅವನ ಇಷ್ಟ ಎಂದು. ಆಮೇಲೆ ಯೋಚಿಸಿದೆ. ಬೆಂಕಿ ಮುಟ್ಟಿದರೆ ಕೈ ತಕ್ಷಣ ಹಿಂದೆ ಬರುತ್ತದೆ; ಹದಿನೈದು ವರ್ಷದ ಮೇಲೆ ಸುಡುವುದನ್ನು ಇಂದಿನ ಕೈ ಹೇಗೆ ತಿಳಿದೀತು? ರೂಢಿಯಾಗುವುದು ದೂಳಿನ ಕಿರಿಕಿರಿ, ದೂಳಲ್ಲ. ಮೇಲಾಗಿ ಏಪ್ರಿಲಿನ ಬಿಸಿಲಿನಲ್ಲಿ ಅಂಥ ಮಾಸ್ಕ್ ಹಾಕಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಲು ನನ್ನಿಂದ ಆಗುತ್ತದೆಯೇ? ಕೋವಿಡ್ ಕಾಲದಲ್ಲಿ ಎಸಿ ಕೋಣೆಯಲ್ಲಿ ಕೂತೇ ನಾವು ಅದನ್ನು ಗದ್ದಕ್ಕೆ ಇಳಿಸಿದವರು.

ಕೈಗಾರಿಕಾ ಸುರಕ್ಷತೆಯಲ್ಲಿ ಒಂದು ಕ್ರಮವಿದೆ. ಮೊದಲು ಅಪಾಯವನ್ನೇ ಇಲ್ಲದಂತೆ ಮಾಡಬಹುದೇ ನೋಡು. ಆಗದಿದ್ದರೆ ವಿಧಾನ ಬದಲಿಸು. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆ ಹಾಕು. ಮನುಷ್ಯನ ಮೈಗೆ ಏನಾದರೂ ತೊಡಿಸುವುದು ಎಲ್ಲಕ್ಕಿಂತ ಕೊನೆಯದು. ನಾನು ಕೊನೆಯದನ್ನು ಮೊದಲು ಮಾಡಿದ್ದೆ. ಕಾರಣ ಸರಳ: ಅದು ಅಗ್ಗ, ಮತ್ತು ಆಮೇಲೆ ತಪ್ಪು ಅವನದೇ ಆಗುತ್ತದೆ.

ಮೂರನೆಯದೇ ಗಟ್ಟಿಯಾದ ಉತ್ತರ. ನಮ್ಮ ಮನೆಯಲ್ಲಿ ಅವನು ಕತ್ತರಿಸುವುದು ನಾಲ್ಕು ದಿನ. ವರ್ಷದ ಉಳಿದ ದಿನಗಳೆಲ್ಲ ಬೇರೆ ಮನೆಗಳಲ್ಲಿ. ನಾಲ್ಕು ದಿನದ ದೂಳು ತಪ್ಪಿಸಿ ನಾನು ಏನು ಸಾಧಿಸಿದಂತಾಯಿತು? ಇದಕ್ಕೆ ನನಗೆ ಸಿಕ್ಕ ಉತ್ತರ ಲೆಕ್ಕಪತ್ರದ್ದು. ಅವನ ಶ್ವಾಸಕೋಶದಲ್ಲಿ ಕೊನೆಗೆ ಕೂಡುವ ಮೊತ್ತ ಇಂಥ ನಾಲ್ಕು ನಾಲ್ಕು ದಿನಗಳದ್ದೇ. ಬೇರೆಲ್ಲಿಂದಲೂ ಅದು ಬರುವುದಿಲ್ಲ. ಪ್ರತಿ ಮನೆಯೂ ತನ್ನ ಪಾಲು ಸಣ್ಣದು ಎನ್ನುತ್ತದೆ, ನಿಜವಾಗಿಯೂ ಸಣ್ಣದೇ. ಆದರೆ ಸಣ್ಣದು ಎಂಬುದಕ್ಕೂ ನನ್ನದಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ನಾಲ್ಕು ದಿನದ ಪಾಲು ನನ್ನದು. ಇಡೀ ರೋಗವನ್ನು ತಡೆಯುವುದು ನನ್ನಿಂದ ಆಗದು ಎನ್ನುವುದು ನನ್ನ ನಾಲ್ಕು ದಿನವನ್ನು ಬೇರೆಯವರ ಖಾತೆಗೆ ಬರೆಯಲು ಕಾರಣವಾಗಲಾರದು.

ಕೊನೆಗೆ ಮಾಡಿದ್ದು ದೊಡ್ಡದೇನಲ್ಲ. ಕಾಂಟ್ರ್ಯಾಕ್ಟರನ ಬಳಿ ಬ್ಲೇಡಿಗೆ ನೀರು ಬಿಟ್ಟು ಕತ್ತರಿಸಿ ಎಂದೆ. ರಾಡಿ ಮೋರಿಗೆ ಹೋಗಿ ಕಟ್ಟಿಕೊಳ್ಳುತ್ತದೆ, ಸಾದಾ ಗ್ರೈಂಡರಿಗೆ ನೀರು ಬಿದ್ದರೆ ಕರೆಂಟು ಹೊಡೆಯುತ್ತದೆ ಎಂದ. ಎರಡೂ ಸರಿಯಾದ ಮಾತು. ಮಿಸ್ತ್ರಿಯನ್ನು ಕೇಳಿದೆ. ‘ಕೈ ಕಟರ್ ಇದೆಯಲ್ಲ’ ಎಂದ, ಇದೇನು ಕೇಳುವ ವಿಷಯವೇ ಎಂಬಂತೆ. ಎರಡು ಹಳಿಗಳ ಮೇಲೆ ಸಣ್ಣದೊಂದು ಗಾಲಿ ಓಡುತ್ತದೆ. ಟೈಲ್ಸಿನ ಮೇಲೆ ಗಾಲಿಯಿಂದ ಗೀರು ಹಾಕಿ, ಹಿಡಿ ಒತ್ತಿದರೆ ಟಪ್ಪನೆ ನೇರವಾಗಿ ಮುರಿಯುತ್ತದೆ. ದೂಳಿಲ್ಲ, ಸದ್ದೂ ಕಡಿಮೆ. ಮೂಲೆ ತಿರುಗಿಸುವ ಕಡೆ, ಪೈಪಿನ ಸುತ್ತ ಮಾತ್ರ ಗ್ರೈಂಡರ್ ಬೇಕೇಬೇಕು. ಅಂಥವನ್ನು ಕೂಡಿಟ್ಟು, ಒಂದೇ ಸಲಕ್ಕೆ, ತಾರಸಿಯ ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ ಕತ್ತರಿಸುವುದು ಎಂದಾಯಿತು. ಆಗ ಮಾಸ್ಕ್ ಹತ್ತು ನಿಮಿಷಕ್ಕೆ ಮಾತ್ರ, ಅಷ್ಟು ಹೊತ್ತು ಅವನೂ ಹಾಕಿಕೊಂಡ. ಟೈಲ್ಸ್ ಹಾಸುವ ಗೆರೆಯನ್ನು ಮಿಸ್ತ್ರಿ ಒಂದು ಗೇಣು ಸರಿಸಿದ. ಪ್ಯಾಸೇಜಿನಲ್ಲಿ ಕತ್ತರಿಸಬೇಕಾದ ತುಂಡುಗಳೇ ಕಡಿಮೆಯಾದವು.

ಒಂದು ತೊಡಕು ಉಳಿಯಿತು. ಅವರಿಗೆ ದುಡ್ಡು ಸಿಗುವುದು ಚದರಡಿ ಲೆಕ್ಕದಲ್ಲಿ. ಕೈ ಕಟರ್ ತರಲು, ತಾರಸಿಗೆ ಹತ್ತಿಳಿಯಲು ತಡವಾದಷ್ಟೂ ನಷ್ಟ ಅವರದೇ. ನನ್ನ ಕಾಳಜಿಯ ಬಿಲ್ಲನ್ನೂ ಆ ಹುಡುಗನೇ ಕಟ್ಟುವಂತಾದರೆ ಅದು ಎಂಥ ಕಾಳಜಿ? ಕಾಂಟ್ರ್ಯಾಕ್ಟರಿನೊಡನೆ ಕೂತು ದರವನ್ನು ಮತ್ತೆ 55 ಮಾಡಿದೆ. ಹೆಚ್ಚಿನ ಏಳು ರೂಪಾಯಿ ಮಿಸ್ತ್ರಿಗೂ ಹುಡುಗನಿಗೂ ಎಂದು ಅವರ ಎದುರೇ ಮಾತಾಯಿತು. ಕೆಲಸ ಒಂದು ದಿನ ತಡವಾಗಿ ಮುಗಿಯಿತು. ಉಳಿಸಿದ 3,360 ರೂಪಾಯಿ ಹೋಯಿತು. ಇದನ್ನು ತ್ಯಾಗ ಎಂದು ಕರೆದುಕೊಳ್ಳಲು ನನಗೆ ನಾಚಿಕೆ. ಎರಡೂವರೆ ಲಕ್ಷದ ಲೆಕ್ಕದಲ್ಲಿ ಅದು ಟೈಲ್ಸಿನ ನಡುವಿನ ಸಂದಿಯಷ್ಟು.

ಮಾಡದೇ ಹೋದದ್ದು ಇದಕ್ಕಿಂತ ಹೆಚ್ಚು. ಮೊದಲ ಒಂದೂವರೆ ದಿನದ ದೂಳು ಅವನ ಒಳಗೆ ಹೋಗಿಯೇ ಆಗಿತ್ತು. ಅದಕ್ಕೂ ಮುಂಚೆ ಹಾಲ್ ಅಗೆಯುವಾಗ ಗಾರೆಯ ಮೇಲೆ ನೀರು ಚಿಮುಕಿಸಿ ಎಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ದೂಳನ್ನು ಕುಡಿದವರಲ್ಲಿ ಆ ಹೆಣ್ಣುಮಗಳೂ ಇದ್ದಳು. ಆಕೆಯ ವಿಷಯದಲ್ಲಿ ಇನ್ನೊಂದು ಇದೆ, ಬರೆಯಲು ಕಷ್ಟವಾದರೂ ಬರೆಯುತ್ತೇನೆ. ನಮ್ಮಲ್ಲಿ ಬಾತ್‌ರೂಮು ಎರಡು. ಒಂದು ನಮ್ಮ ಕೋಣೆಯೊಳಗಿನದು, ಇನ್ನೊಂದು ಹಾಲ್‌ಗೆ ಹತ್ತಿಕೊಂಡದ್ದು. ಹಾಲ್ ಬದಿಯದರಲ್ಲಿ ನಾನು ಪುಸ್ತಕದ ಹನ್ನೊಂದು ಡಬ್ಬಿ ಪೇರಿಸಿದ್ದೆ, ದೂಳು ತಾಗದಿರಲೆಂದು. ಎರಡು ದಿನ ಆಕೆ 54 ಮೆಟ್ಟಿಲು ಇಳಿದು, ವಾಚ್‌ಮನ್ನನ ಬಳಿ ಕೀಲಿ ಕೇಳಿ ಹೋಗಿಬರುತ್ತಿದ್ದಳಂತೆ. ಎರಡನೇ ದಿನ ಸಂಜೆ ಅವ್ವನಿಗೆ ಹೇಳಿದಳು, ಅವ್ವ ನನ್ನ ಹೆಂಡತಿಗೆ, ಹೆಂಡತಿ ನನಗೆ. ನಾನು ಡಬ್ಬಿಗಳನ್ನು ಎತ್ತಿ ಅಡುಗೆಮನೆಯ ಅಟ್ಟಕ್ಕೆ ಹಾಕುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು. ಆ ಡಬ್ಬಿಗಳಲ್ಲಿ ಕನ್ನಡ ಪುಸ್ತಕಗಳೇ ಹೆಚ್ಚು.

ನಾವು ಕಾಯಕ ಎಂಬ ಪದವನ್ನು ಹೆಮ್ಮೆಯಿಂದ ಬಳಸುತ್ತೇವೆ. ಹನ್ನೆರಡನೇ ಶತಮಾನದ ಶರಣರು ಅದಕ್ಕೆ ಕೊಟ್ಟ ಎತ್ತರ ದೊಡ್ಡದು. ದುಡಿಮೆ ಪೂಜೆಗೆ ಸಮ ಎಂದು ಆಫೀಸಿನ ಭಾಷಣಗಳಲ್ಲಿ ನಾನೂ ಹೇಳಿದ್ದೇನೆ. ಆ ಪದದ ಒಳಗೇ ಕಾಯ ಇದೆ ಎಂಬುದು ಈಗ ಕಣ್ಣಿಗೆ ಬಿತ್ತು. ಕಾಯಕ ಎಂದರೆ ಮೈಯಿಂದ ಆಗುವುದು. ದುಡಿಮೆಯನ್ನು ಹೊಗಳಿ ಮೈಯನ್ನು ಮರೆತರೆ ಆ ಪದದಲ್ಲಿ ಉಳಿಯುವುದೇನು? ಚೆನ್ನಾಗಿ ಕೆಲಸ ಮಾಡಿದ ಎಂದು ಮಿಸ್ತ್ರಿಯ ಬೆನ್ನು ತಟ್ಟುವುದು, ಎರಡು ಹೊತ್ತು ಚಹಾ ಕೊಡುವುದು, ಕೊನೆಯ ದಿನ ಮೇಲೆ ಐನೂರು ಇಡುವುದು, ಎಲ್ಲ ಒಳ್ಳೆಯದೇ. ನಾವು ಬಹಳ ಜನ ಮಾಡುತ್ತೇವೆ. ಆದರೆ ಅವೆಲ್ಲ ಕೆಲಸ ಮುಗಿಯುತ್ತ ಬಂದಾಗ ಬರುವ ಒಳ್ಳೆಯತನ. ಮೈಗೆ ಬೇಕಾದದ್ದು ಕೆಲಸ ಶುರುವಾಗುವ ಮುನ್ನವೇ ಬೇಕು. ನೀರು, ನೆರಳು, ಶೌಚಾಲಯ, ಸರಿಯಾದ ಹತಾರ, ಅದನ್ನು ಬಳಸುವಷ್ಟು ಸಮಯ. ನಾನು ಮಾಡದೇ ಬಿಟ್ಟ ತಯಾರಿಯ ಖರ್ಚು ಎಲ್ಲಿಯೂ ಮಾಯವಾಗಲಿಲ್ಲ. ಯಾರ ಮೈ ಅಲ್ಲಿ ಇತ್ತೋ ಆ ಮೈ ಅದನ್ನು ಕಟ್ಟಿತು.

ನೆಲ ಚೆನ್ನಾಗಿ ಬಂದಿದೆ. ಅವ್ವನಿಗೆಂದು ಜಾರದ, ಒರಟು ಮೈಯ ಟೈಲ್ಸ್ ಆರಿಸಿದ್ದೆವು. ಹೊಸ ನೆಲದ ಮೇಲೆ ಅವಳು ಮೊದಲ ದಿನ ಗೋಡೆ ಹಿಡಿದು ನಡೆದಳು, ಎರಡನೇ ದಿನ ಬಿಟ್ಟು ನಡೆದಳು. ಹೊರಡುವ ದಿನ ಆ ಹುಡುಗ ಅವ್ವನಿಗೆ, ‘ಬರ್ತೀನ್ರಿ ಯವ್ವಾ’ ಎಂದು ಕೈ ಮುಗಿದ. ಅವ್ವ ಶೇಂಗಾ ಚಟ್ನಿಯ ಡಬ್ಬಿ ಕೊಟ್ಟಳು. ನನಗೂ ಕನ್ನಡದಲ್ಲೇ ‘ಬರ್ತೀನ್ರಿ ಸರ’ ಎಂದ. ಅವನು ಮುಂದೆ ಯಾವ ಮನೆಗೆ ಹೋದ, ಅಲ್ಲಿ ಯಾವ ಕಟರ್ ಇತ್ತು ಎಂದು ನನಗೆ ತಿಳಿಯದು.

ಹೋದ ವಾರ ನಾಲ್ಕನೇ ಮಹಡಿಯವರು ಬೆಲ್ ಒತ್ತಿದರು. ಅವರ ಮನೆಯಲ್ಲೂ ನೆಲದ ಕೆಲಸ ಶುರುವಾಗುತ್ತಿದೆ. ನಿಮ್ಮ ಹತ್ತಿರ ಪ್ಲಾಸ್ಟಿಕ್ ಶೀಟ್ ಉಳಿದಿದ್ದರೆ ಕೊಡ್ತೀರಾ, ಟೀವಿಗೆ ಹೊದಿಸಬೇಕು ಎಂದರು. ಕೊಟ್ಟೆ. ಬಾಗಿಲಲ್ಲೇ ನಿಂತು ಕೈ ಕಟರ್ ಬಗ್ಗೆ, ದೂಳಿನ ಬಗ್ಗೆ, ಒಂದು ಬಾತ್‌ರೂಮು ಖಾಲಿ ಇಡುವ ಬಗ್ಗೆ ಹೇಳಿದೆ. ಮೂರು ನಿಮಿಷವಾಗಿರಬೇಕು. ಅವರು ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ನಂತರ ಶೀಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತ, ‘ಅದೆಲ್ಲ ಕಾಂಟ್ರ್ಯಾಕ್ಟರ್ ನೋಡ್ಕೋತಾನೆ ಬಿಡಿ’ ಎಂದರು.

ಎದುರು ಮಾತು ನನಗೆ ಹೊಳೆಯಲಿಲ್ಲ. ಕಾಂಟ್ರ್ಯಾಕ್ಟರಿಗೆ ದರ ಎಷ್ಟು ಹೇಳಿದ್ದಾರೆ ಎಂದಷ್ಟೇ ಕೇಳಿದೆ. 46ಕ್ಕೆ ಒಪ್ಪಿಸಿದ್ದೇನೆ ಎಂದು ನಕ್ಕರು. ನಾಳೆ ಸಂಜೆ ಇನ್ನೊಮ್ಮೆ ಮೇಲೆ ಹೋಗಿ, ಆ 46ರ ಬಗ್ಗೆ ಕೂತು ಮಾತಾಡಬೇಕು ಎಂದುಕೊಂಡಿದ್ದೇನೆ.